ಗುಳಿಗೆ ಬಿಟ್ಟ ಮೊದಲ ಹದಿನೈದು ದಿನ ಚಲೋ ಇರುತ್ತಾನೆ, ಮೋಸ ಅಲ್ಲೇ

ಪ್ರಶ್ನೆ: ನಮ್ಮದು ಗದಗ ಜಿಲ್ಲೆಯ ಒಂದು ಹಳ್ಳಿ. ತಮ್ಮನಿಗೆ 24 ವರ್ಷ. ಐಟಿಐ ಮುಗಿಸಿ ಹುಬ್ಬಳ್ಳಿಯಲ್ಲಿ ಲೇಥ್ ಮಷೀನ್ ಕೆಲಸಕ್ಕಿದ್ದ. ಹೋದ ವರ್ಷ ಏಕಾಏಕಿ ಕೆಲಸ ಬಿಟ್ಟು ಊರಿಗೆ ಬಂದ. ಒಬ್ಬನೇ ಮಾತಾಡುವುದು, ಓಣಿಯ ಮಂದಿ ತನ್ನನ್ನೇ ಆಡಿಕೊಳ್ಳುತ್ತಾರೆ ಎನ್ನುವುದು, ಊಟದಲ್ಲಿ ಏನೋ ಕಲಸಿದ್ದೀರಿ ಎಂದು ತಾಟು ಸರಿಸುವುದು ಶುರುವಾಯಿತು. ಮೊದಲು ದೇವರು ಕೇಳಿಸಿದೆವು, ಆಮೇಲೆ ದವಾಖಾನೆಗೆ ಒಯ್ದೆವು. ರಿಸ್ಪೆರಿಡೋನ್ 4 ಮಿಲಿಗ್ರಾಂ ಮತ್ತು ಒಂದು ಸಣ್ಣ ಬಿಳಿ ಗುಳಿಗೆ ಕೊಟ್ಟರು. ಮೂರು ತಿಂಗಳಲ್ಲಿ ಆರಾಮಾದ. ಆರಾಮಾದನಲ್ಲ ಎಂದು ನಿಲ್ಲಿಸಿದೆವು. ಎರಡೂವರೆ ತಿಂಗಳಿಗೆ ಮತ್ತೆ ಅದೇ ಕಥೆ. ಇವು ನಿದ್ದೆ ಗುಳಿಗೆಯೇ? ಚಟ ಹತ್ತುತ್ತದೆಯೇ? ಜನ್ಮವಿಡೀ ನುಂಗಬೇಕೇ? ಮದುವೆ ಮಾಡಿದರೆ ಸರಿಹೋಗುತ್ತಾನೆ ಎಂದು ಹಿರಿಯರು ಹೇಳುತ್ತಿದ್ದಾರೆ. ನಾವು ಮನೆಯವರು ಏನು ಮಾಡಬೇಕು?

ಉತ್ತರ: ನಿದ್ದೆ ಗುಳಿಗೆ ಅಲ್ಲ, ಚಟ ಹತ್ತುವುದಿಲ್ಲ. ಚಟ ಎಂದರೆ ದಿನ ಹೋದಂತೆ ಹೆಚ್ಚು ಬೇಕೆನಿಸುವುದು, ಸಿಗದಿದ್ದರೆ ಹುಡುಕಿಕೊಂಡು ಹೋಗುವುದು. ರಿಸ್ಪೆರಿಡೋನನ್ನು ಹಾಗೆ ಹುಡುಕಿಕೊಂಡು ಹೋಗುವವರು ಯಾರೂ ಇಲ್ಲ. ನಿಜವಾದ ಕಷ್ಟವೇ ಅದು, ಎಲ್ಲರೂ ಬಿಡಲು ನೋಡುತ್ತಾರೆ. ರೂಢಿಯಾಗುವ ಗುಳಿಗೆಗಳು ಬೇರೆ: ಆಲ್ಪ್ರಜೋಲಾಮ್, ಕ್ಲೊನಾಜೆಪಾಮ್, ಡಯಾಜೆಪಾಮ್. ಅವನ್ನು ಮೊದಲ ಕೆಲವು ವಾರ ನಿದ್ದೆಗೆಂದು ಜೊತೆಗೆ ಕೊಡುವುದುಂಟು, ಆಮೇಲೆ ಡಾಕ್ಟರೇ ಇಳಿಸಿ ನಿಲ್ಲಿಸುತ್ತಾರೆ. ರಿಸ್ಪೆರಿಡೋನ್ ಕೊಟ್ಟಾಗ ಮೊದಮೊದಲು ಮಂಪರು ಬರುತ್ತದೆ ನಿಜ, ಆದರೆ ಅದನ್ನು ಕೊಡುವುದು ಅದಕ್ಕಲ್ಲ. ಮಿದುಳಿನಲ್ಲಿ ಡೋಪಮೈನ್ ಎಂಬ ರಾಸಾಯನಿಕದ ಅಬ್ಬರವನ್ನು ತಗ್ಗಿಸಲು ಕೊಡುತ್ತಾರೆ.

ನೀವು ನಿಲ್ಲಿಸಿದಾಗ ಏನಾಯಿತು ಎಂಬುದನ್ನು ಸ್ವಲ್ಪ ನಿಧಾನವಾಗಿ ನೋಡೋಣ, ಬಹಳಷ್ಟು ಮನೆಗಳು ಜಾರುವ ಜಾಗ ಇದೇ. ಗುಳಿಗೆ ನಿಂತ ನಾಲ್ಕೈದು ದಿನದಲ್ಲಿ ಔಷಧ ಮೈಯಿಂದ ಬಹುತೇಕ ಹೋಗಿರುತ್ತದೆ. ಅದರ ಜೊತೆಗೇ ಮಂಪರು, ಕೈಕಾಲಿನ ಬಿಗಿತ, ಬಾಯಲ್ಲಿ ಜೊಲ್ಲು, ಮುಖದ ಜಡತನ ಎಲ್ಲ ಹೋಗುತ್ತವೆ. ಹುಡುಗ ಚುರುಕಾಗುತ್ತಾನೆ. ತಾನಾಗಿ ಎದ್ದು ಚಹಾ ಕೇಳುತ್ತಾನೆ, ಗೆಳೆಯರ ಕಡೆ ಹೋಗಿಬರುತ್ತಾನೆ. ‘ನೋಡ್ರಿ, ಗುಳಿಗಿಯಿಂದನ ಹಂಗಾಗಿದ್ದ’ ಎಂದು ಮನೆಮಂದಿಗೆಲ್ಲ ಖಾತ್ರಿಯಾಗುತ್ತದೆ. ಕಾಯಿಲೆ ಮಾತ್ರ ಔಷಧದಷ್ಟು ಬೇಗ ಚಲಿಸುವುದಿಲ್ಲ. ಅದು ಮರಳುವುದು ವಾರಗಳ ಮೇಲೆ, ಬಹಳ ಸಲ ತಿಂಗಳುಗಳ ಮೇಲೆ. ಅಷ್ಟರಲ್ಲಿ ಗುಳಿಗೆಯ ಮಾತು ಎಲ್ಲರಿಗೂ ಮರೆತುಹೋಗಿರುತ್ತದೆ. ಹಿಂದಿನ ವಾರ ಅಮಾವಾಸ್ಯೆ ಬಂದಿತ್ತು, ಯಾರೋ ಬೈದಿದ್ದರು, ಜಾತ್ರೆಗೆ ಹೋಗಿ ಬಂದಿದ್ದ ಎಂದು ಹತ್ತಿರದ ಕಾರಣವೊಂದರ ತಲೆಗೆ ಕಟ್ಟುತ್ತೇವೆ. ನಿಮ್ಮ ತಮ್ಮನ ಎರಡೂವರೆ ತಿಂಗಳು ಈ ಲೆಕ್ಕಕ್ಕೆ ಸರಿಯಾಗಿ ಕೂಡುತ್ತದೆ.

ನೀವು ಬರೆದದ್ದು ಸ್ಕಿಜೋಫ್ರೀನಿಯಾ ಎಂಬ ಕಾಯಿಲೆಗೆ ಹೊಂದುವ ಚಿತ್ರ. ಹೆಸರಿಡಬೇಕಾದವರು ಅವನನ್ನು ಎದುರಿಗೆ ಕೂಡಿಸಿಕೊಂಡು ನೋಡಿದ ಮನೋವೈದ್ಯರು, ಪತ್ರ ಓದಿದವರಲ್ಲ. ಗಾಂಜಾ ಸೇದುವವರಿಗೆ, ಥೈರಾಯ್ಡ್ ಏರುಪೇರಾದವರಿಗೆ, ಒಂದು ಬಗೆಯ ಮೂರ್ಛೆರೋಗ ಇರುವವರಿಗೆ, ಮೇನಿಯಾ ಎಂಬ ಉನ್ಮಾದ ಏರಿದವರಿಗೂ ಇಂಥದ್ದೇ ಚಿತ್ರ ಬರಬಹುದು. ಅದಕ್ಕೇ ಡಾಕ್ಟರ್ ರಕ್ತಪರೀಕ್ಷೆ ಬರೆದರೆ ‘ತಲಿ ಕೆಟ್ಟದ್ದಕ್ಕ ರಕ್ತ ಯಾಕ’ ಎನ್ನಬೇಡಿ. ಗಂಡುಮಕ್ಕಳಲ್ಲಿ ಸ್ಕಿಜೋಫ್ರೀನಿಯಾ ಹೆಚ್ಚಾಗಿ ತಲೆಹಾಕುವುದು ಹದಿನೆಂಟರಿಂದ ಇಪ್ಪತ್ತೈದರ ಸುಮಾರಿಗೆ, ಹೆಣ್ಣುಮಕ್ಕಳಲ್ಲಿ ಕೆಲವು ವರ್ಷ ತಡವಾಗಿ. ಜೀವಮಾನದಲ್ಲಿ ಹತ್ತಿರಹತ್ತಿರ ನೂರಕ್ಕೆ ಒಬ್ಬರಿಗೆ ಬರುವ ಕಾಯಿಲೆ. ನಿಮ್ಮ ಊರಿನಲ್ಲಿ ಎರಡು ಸಾವಿರ ಮಂದಿ ಇದ್ದರೆ ನಿಮ್ಮದೊಂದೇ ಮನೆ ಇರಲಿಕ್ಕಿಲ್ಲ.

ಅವನಿಗೆ ಒಳಗೆ ಏನಾಗುತ್ತಿದೆ ಎಂಬುದು ತಿಳಿದರೆ ಮನೆಯ ಅರ್ಧ ಜಗಳ ಕಡಿಮೆಯಾಗುತ್ತದೆ. ‘ಒಬ್ಬನೇ ಮಾತಾಡುತ್ತಾನೆ’ ಎಂದು ಬರೆದಿದ್ದೀರಿ. ಅವನ ಮಟ್ಟಿಗೆ ಅವನು ಒಬ್ಬನೇ ಇಲ್ಲ. ದನಿ ಕಿವಿಗೇ ಕೇಳುತ್ತದೆ, ನಿಮ್ಮ ದನಿ ಕೇಳಿದಷ್ಟೇ ಸ್ಪಷ್ಟವಾಗಿ. ಇಬ್ಬರು ಅವನ ಬಗ್ಗೆಯೇ ಮಾತಾಡಿಕೊಳ್ಳುತ್ತಿರಬಹುದು: ‘ಈಗ ಎದ್ದ, ಈಗ ನೀರು ಕುಡಿದ’ ಎಂದು ಹೇಳುತ್ತಿರಬಹುದು, ಕೆಟ್ಟದಾಗಿ ಬೈಯುತ್ತಿರಬಹುದು. ಅವನ ಗೊಣಗಾಟ ಅದಕ್ಕೆ ಕೊಡುವ ಉತ್ತರ. ಇನ್ನು ಸಂಶಯ. ನಮ್ಮೆಲ್ಲರ ಮಿದುಳು ದಿನಕ್ಕೆ ಸಾವಿರ ಸಣ್ಣ ಸಂಗತಿಗಳನ್ನು ‘ಇದು ನನಗೆ ಸಂಬಂಧಿಸಿದ್ದಲ್ಲ’ ಎಂದು ತಳ್ಳಿಹಾಕುತ್ತಿರುತ್ತದೆ. ಕಟ್ಟೆಯ ಮೇಲೆ ಮೂವರು ನಕ್ಕರು, ಎದುರು ಮನೆಯವರು ಕಿಟಕಿ ಹಾಕಿದರು, ಬೈಕೊಂದು ಎರಡು ಸಲ ಹಾದುಹೋಯಿತು. ಡೋಪಮೈನ್ ಏರಿದಾಗ ಈ ತಳ್ಳಿಹಾಕುವ ಕೆಲಸ ಕೆಡುತ್ತದೆ. ನಗುವೂ ಕಿಟಕಿಯೂ ಬೈಕೂ ಮೂರೂ ತನಗೇ ಕೊಟ್ಟ ಸನ್ನೆ ಎನಿಸುತ್ತವೆ. ಮೂರನ್ನೂ ಜೋಡಿಸಿ ಮನಸ್ಸು ಒಂದು ಕಥೆ ಹೆಣೆಯುತ್ತದೆ, ಆ ಕಥೆ ಅವನಿಗೆ ಹೊಲ ಮನೆಯಷ್ಟೇ ಖರೆ. ಅದಕ್ಕೇ ವಾದ ಮಾಡಿ ಗೆಲ್ಲಲು ಆಗುವುದಿಲ್ಲ. ‘ನೋಡು, ನಾನೂ ಅದೇ ರೊಟ್ಟಿ ತಿಂದೆ, ನನಗೇನಾತು’ ಎಂದು ತಿಂದು ತೋರಿಸಿದರೆ, ನಿಮಗೆ ಮೊದಲೇ ಮದ್ದು ಕೊಟ್ಟಿದ್ದಾರೆ ಎಂಬ ಉತ್ತರ ಅವನಲ್ಲಿ ಸಿದ್ಧವಿರುತ್ತದೆ.

ಹೌದು ಎಂದೂ ಅನ್ನಬೇಡಿ, ಸುಳ್ಳು ಎಂದೂ ಅನ್ನಬೇಡಿ. ‘ತಮ್ಮಾ, ನಿನಗ ಕೇಳಸಾಕತ್ತೈತಿ ಅನ್ನೋದು ಖರೆ. ನನಗ ಕೇಳಸವಲ್ದು. ಆದ್ರ ನೀ ಅಂಜೀದಿ ಅನ್ನೋದು ಕಾಣಸ್ತೈತಿ. ಬಾ, ಒಳಗ ಕುಂದ್ರೂಣು.’ ಇಷ್ಟು ಸಾಕು. ಅಂಜಿಕೆಗೆ ಉತ್ತರ ಕೊಡಿ, ಕಥೆಗೆ ಬೇಡ. ಊಟದ ಸಂಶಯವಿದ್ದರೆ ಅವನೇ ತಾಟು ತೊಳೆದುಕೊಳ್ಳಲಿ, ಬುಟ್ಟಿಯೊಳಗಿನ ರೊಟ್ಟಿಯನ್ನು ತಾನೇ ಆರಿಸಿಕೊಳ್ಳಲಿ, ಬಾಳೆಹಣ್ಣು ಸುಲಿದು ತಿನ್ನಲಿ.

ಇದರ ಮೇಲೊಂದು ಕಟ್ಟುನಿಟ್ಟಿನ ಮಾತಿದೆ. ಗುಳಿಗೆಯನ್ನು ಪುಡಿ ಮಾಡಿ ಸಾರಿನಲ್ಲೋ ಚಹಾದಲ್ಲೋ ಕದ್ದು ಕೊಡಬೇಡಿ. ಊಟದಲ್ಲಿ ಏನೋ ಕಲಸುತ್ತಾರೆ ಎಂಬುದು ಅವನ ಕಾಯಿಲೆಯ ಮಾತು. ನೀವು ಕಲಸಿದ ದಿನ ಅದು ಕಾಯಿಲೆಯ ಮಾತಾಗಿ ಉಳಿಯುವುದಿಲ್ಲ. ಒಂದು ಸಲ ಕಹಿ ನಾಲಿಗೆಗೆ ಸಿಕ್ಕರೆ ಆಮೇಲೆ ನಿಮ್ಮ ಕೈಯ ನೀರನ್ನೂ ಮುಟ್ಟುವುದಿಲ್ಲ. ರಿಸ್ಪೆರಿಡೋನ್ ದ್ರವರೂಪದಲ್ಲೂ ಸಿಗುತ್ತದೆ, ಆದರೆ ಅದು ಚಹಾಕ್ಕೆ, ಕೋಲಾ ಪಾನೀಯಕ್ಕೆ ಹೊಂದುವುದಿಲ್ಲ. ಚಹಾದಲ್ಲಿ ಕಲಸಿದರೆ ಔಷಧವೂ ಹಾಳು, ನಂಬಿಕೆಯೂ ಹಾಳು. ನುಂಗಲು ಒಪ್ಪದವರಿಗೆ ಎರಡು ವಾರಕ್ಕೋ ತಿಂಗಳಿಗೋ ಒಮ್ಮೆ ಕೊಡುವ ಇಂಜೆಕ್ಷನ್ ಇದೆ: ಫ್ಲೂಫೆನಜೀನ್, ಹ್ಯಾಲೊಪೆರಿಡಾಲ್ ಮುಂತಾದವು. ಸ್ನಾಯುವಿನಲ್ಲಿ ಕೂತು ನಿಧಾನವಾಗಿ ರಕ್ತಕ್ಕೆ ಇಳಿಯುತ್ತದೆ. ಶಿಕ್ಷೆಯ ಸೂಜಿ ಎಂದು ತಿಳಿಯಬೇಡಿ, ದಿನಾ ರಾತ್ರಿಯ ‘ನುಂಗಿದಿ? ಇಲ್ಲ?’ ಎಂಬ ಜಗಳ ಇದರಿಂದ ತಪ್ಪುತ್ತದೆ. ಡಾಕ್ಟರ ಹತ್ತಿರ ನೀವಾಗಿಯೇ ಕೇಳಿ.

ಈಗ ಮಾಡಬೇಕಾದದ್ದು: ಮನೆಯಲ್ಲಿ ಹಳೆಯ ಗುಳಿಗೆ ಪಟ್ಟಿ ಉಳಿದಿದ್ದರೆ ಅದರಿಂದ ನೀವೇ 4 ಮಿಲಿಗ್ರಾಂ ಶುರು ಮಾಡಬೇಡಿ. ಎರಡೂವರೆ ತಿಂಗಳು ಬಿಟ್ಟ ಮೈಗೆ ಅಷ್ಟನ್ನು ಒಮ್ಮೆಲೇ ಕೊಟ್ಟರೆ ಎದ್ದುನಿಂತಾಗ ತಲೆತಿರುಗಿ ಬೀಳಬಹುದು, ಕುತ್ತಿಗೆ ಒಂದು ಕಡೆ ಸೊಟ್ಟಗಾಗಿ ಹಿಡಿದುಕೊಳ್ಳಬಹುದು, ಕಣ್ಣುಗುಡ್ಡೆ ಮೇಲೆ ಸಿಕ್ಕಿಕೊಳ್ಳಬಹುದು. ಹರೆಯದ ಗಂಡಸರಲ್ಲಿ ಮೊದಲ ವಾರದಲ್ಲಿ ಇದು ಹೆಚ್ಚು. ನೋಡಿದವರು ‘ಮೈಮೇಲೆ ಬಂತು’ ಎಂದು ಬೇವಿನಸೊಪ್ಪು ತರುತ್ತಾರೆ. ಹತ್ತಿರದ ಸರಕಾರಿ ದವಾಖಾನೆಯಲ್ಲಿ ಪ್ರೊಮೆಥಜೀನ್ ಇಂಜೆಕ್ಷನ್ ಕೊಟ್ಟರೆ ಅರ್ಧ ತಾಸಿನಲ್ಲಿ ಬಿಡುತ್ತದೆ. ಡಾಕ್ಟರ್ ಕಡಿಮೆ ಪ್ರಮಾಣದಿಂದ ಹಿಡಿದು ಏರಿಸುತ್ತಾರೆ. ರಿಸ್ಪೆರಿಡೋನ್ ಸಾಮಾನ್ಯವಾಗಿ 2ರಿಂದ 6 ಮಿಲಿಗ್ರಾಂ ಒಳಗೆ ಕೆಲಸ ಮಾಡುತ್ತದೆ. ಅದಕ್ಕೂ ಮೇಲೆ ಹೋದರೆ ಬಿಗಿತ ಹೆಚ್ಚುತ್ತದೆ, ಗುಣ ಅಷ್ಟೇನೂ ಹೆಚ್ಚುವುದಿಲ್ಲ. ನಿದ್ದೆ, ಸಿಟ್ಟು ಮೊದಲ ವಾರದಲ್ಲಿ ಹಿಡಿತಕ್ಕೆ ಬರುತ್ತವೆ. ದನಿ, ಸಂಶಯ ತಗ್ಗಲು ಎರಡರಿಂದ ಆರು ವಾರ ಬೇಕು. ಹತ್ತು ದಿನ ನೋಡಿ ‘ಈ ಡಾಕ್ಟರ್ ಕೈಗುಣ ಇಲ್ಲ’ ಎಂದು ಊರೂರು ತಿರುಗಿದರೆ ಪ್ರತಿ ಊರಿನಲ್ಲೂ ಲೆಕ್ಕ ಒಂದರಿಂದ ಶುರುವಾಗುತ್ತದೆ. ಬೇರೆ ಬೇರೆ ಎರಡು ಔಷಧ, ಸರಿಯಾದ ಪ್ರಮಾಣದಲ್ಲಿ, ಆರಾರು ವಾರ ಕೊಟ್ಟರೂ ಜಗ್ಗದಿದ್ದರೆ ಕ್ಲೊಜಪೀನ್ ಎಂಬ ಔಷಧವಿದೆ. ಅದಕ್ಕೆ ಮೊದಲ 18 ವಾರ ವಾರಕ್ಕೊಮ್ಮೆ ಬಿಳಿ ರಕ್ತಕಣ ಎಣಿಸಬೇಕು. ನಿಮಗೆ ಆ ಮಾತು ಇನ್ನೂ ದೂರ, ಮೊದಲ ಔಷಧಕ್ಕೇ ಅವನು ಆರಾಮಾದವನು.

ಆ ಸಣ್ಣ ಬಿಳಿ ಗುಳಿಗೆ ಬಹುಮಟ್ಟಿಗೆ ಟ್ರೈಹೆಕ್ಸಿಫೆನಿಡಿಲ್ 2 ಮಿಲಿಗ್ರಾಂ. ಚೀಟಿ ನೋಡಿ ಖಾತ್ರಿ ಮಾಡಿಕೊಳ್ಳಿ. ಅದು ಕಾಯಿಲೆಗಲ್ಲ, ದೊಡ್ಡ ಗುಳಿಗೆಯಿಂದ ಬರುವ ನಡುಕ, ಬಿಗಿತಕ್ಕೆ. ಕೆಲವರು ದೊಡ್ಡದನ್ನು ಬಿಟ್ಟು ಇದೊಂದನ್ನೇ ನುಂಗುತ್ತಿರುತ್ತಾರೆ, ಹಗುರ ಎನಿಸುತ್ತದೆ ಎಂದು. ಅದರಿಂದ ಏನೂ ಉಪಯೋಗವಿಲ್ಲ. ಬಾಯಿ ಒಣಗುತ್ತದೆ, ಮಲ ಕಟ್ಟುತ್ತದೆ, ಮರೆವು ಹೆಚ್ಚುತ್ತದೆ.

ಅಡ್ಡಪರಿಣಾಮಗಳಲ್ಲಿ ಹೆಚ್ಚಾಗಿ ತಪ್ಪಾಗಿ ಓದುವುದು ಚಡಪಡಿಕೆಯನ್ನು. ಗುಳಿಗೆ ಶುರುವಾದ ಕೆಲವು ದಿನಕ್ಕೆ ಅವನು ಪಡಸಾಲೆಯಿಂದ ಅಂಗಳಕ್ಕೆ, ಅಂಗಳದಿಂದ ಪಡಸಾಲೆಗೆ ತಿರುಗುತ್ತಲೇ ಇರಬಹುದು. ಕೂತರೆ ಕಾಲು ಅಲ್ಲಾಡಿಸುತ್ತಾನೆ, ಕೇಳಿದರೆ ‘ಕಾಲಾಗ ಇರುವಿ ಹರದಂಗಾಗತೈತಿ’ ಎನ್ನುತ್ತಾನೆ. ಮನೆಯವರು ‘ಗುಳಿಗಿ ನುಂಗಿದ ಮ್ಯಾಲೆ ಇನ್ನೂ ಜಾಸ್ತಿ ಆಗೈತ್ರಿ’ ಎಂದು ಹೇಳುತ್ತಾರೆ, ಗಡಿಬಿಡಿಯಲ್ಲಿ ಪ್ರಮಾಣ ಏರುತ್ತದೆ, ಚಡಪಡಿಕೆ ದುಪ್ಪಟ್ಟಾಗುತ್ತದೆ. ಡಾಕ್ಟರಿಗೆ ಹೇಳುವಾಗ ‘ಸಂಶಯ ಹೆಚ್ಚಾಗಿದೆಯೋ, ಬರೀ ಕೂಡಲಿಕ್ಕೆ ಆಗುತ್ತಿಲ್ಲವೋ’ ಎಂಬುದನ್ನು ಬೇರ್ಪಡಿಸಿ ಹೇಳಿ. ಪ್ರಮಾಣ ಇಳಿಸಿದರೆ ಅಥವಾ ಪ್ರೊಪ್ರನೊಲಾಲ್ ಸೇರಿಸಿದರೆ ಬಹಳ ಸಲ ತಗ್ಗುತ್ತದೆ. ಅಸ್ತಮಾ ಇದ್ದರೆ ಮೊದಲೇ ತಿಳಿಸಿ, ಅವರಿಗೆ ಪ್ರೊಪ್ರನೊಲಾಲ್ ಆಗಿಬರದು.

ತೂಕ ಏರುವುದು ನಿಧಾನ. ಉಡಿದಾರ ಬಿಗಿಯಾಯಿತೆಂದರೆ ಸೊಂಟ ಏರಿತೆಂದೇ ಅರ್ಥ. ಶುರುವಿನಲ್ಲೊಮ್ಮೆ, ಮೂರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆಯಾದರೂ ತೂಕ, ಸಕ್ಕರೆ, ಕೊಲೆಸ್ಟರಾಲ್ ನೋಡಿಸಿ. ಗಂಡಸುತನದ ತೊಂದರೆಯೂ ಬರಬಹುದು. ಇಪ್ಪತ್ತನಾಲ್ಕರ ಹುಡುಗ ಇದನ್ನು ಅಣ್ಣನ ಮುಂದೆ ಹೇಳುವುದಿಲ್ಲ, ಹೇಳದೆ ಗುಳಿಗೆಯನ್ನು ಹಿತ್ತಲಿಗೆ ಎಸೆಯುತ್ತಾನೆ. ಜ್ವರ ಬಂದು ಮೈ ಕಟ್ಟಿಗೆಯ ಹಾಗೆ ಸೆಟೆದು, ಬೆವರು ಸುರಿದು, ಮಾತು ತೊದಲಿದರೆ ಗುಳಿಗೆ ನಿಲ್ಲಿಸಿ 108ಕ್ಕೆ ಕರೆ ಮಾಡಿ ದೊಡ್ಡ ದವಾಖಾನೆಗೆ ಒಯ್ಯಬೇಕು. ಅಪರೂಪ, ಆದರೆ ಬೆಳಗಿನ ತನಕ ಕಾಯುವಂಥದ್ದಲ್ಲ.

ಎಷ್ಟು ವರ್ಷ ಎಂಬ ಪ್ರಶ್ನೆ. ಮೊದಲ ಸಲಕ್ಕೆ, ಪೂರ್ತಿ ಆರಾಮಾದ ದಿನದಿಂದ ಎಣಿಸಿ ಒಂದರಿಂದ ಎರಡು ವರ್ಷ. ಮರುಕಳಿಸಿದವರಿಗೆ ಐದು ವರ್ಷ ಎಂದು ಸಾಮಾನ್ಯವಾಗಿ ಹೇಳುತ್ತಾರೆ, ಕೆಲವರಿಗೆ ಅದಕ್ಕೂ ಹೆಚ್ಚು. ನಿಮ್ಮ ತಮ್ಮ ಈಗ ಎರಡನೆಯ ಸಾಲಿಗೆ ಸೇರಿದ್ದಾನೆ, ಇದನ್ನು ಮೆತ್ತಗೆ ಹೇಳಿ ಲಾಭವಿಲ್ಲ. ಅದೇ ಪ್ರಮಾಣದಲ್ಲೇ ಅಷ್ಟೂ ವರ್ಷ ಎಂದೇನಲ್ಲ. ಆರಾಮಿದ್ದಂತೆ ಡಾಕ್ಟರ್ ಹಂತಹಂತವಾಗಿ ಇಳಿಸಿ ನೋಡುತ್ತಾರೆ. ಇಳಿಸುವುದು ತಿಂಗಳುಗಳ ಕೆಲಸ, ಒಂದೇ ದಿನ ಕೈಬಿಡುವುದಲ್ಲ.

ರಾತ್ರಿ ಊಟದ ನಂತರ ಒಂದೇ ಹೊತ್ತಿಗೆ ಕೊಡುವಂತೆ ಬರೆಸಿಕೊಳ್ಳಿ. ದಿನಕ್ಕೆ ಮೂರು ಸಲ ಎಂದರೆ ಹೊಲದ ಕೆಲಸದ ಮನೆಯಲ್ಲಿ ಒಂದು ಹೊತ್ತು ತಪ್ಪಿಯೇ ತಪ್ಪುತ್ತದೆ. ಏಳು ಖಾನೆಗಳ ಗುಳಿಗೆ ಡಬ್ಬಿ ಔಷಧದಂಗಡಿಯಲ್ಲಿ ಸಿಗುತ್ತದೆ. ಸೋಮವಾರಕ್ಕೊಮ್ಮೆ ಅವನ ಕೈಯಿಂದಲೇ ತುಂಬಿಸಿ. ಗುಳಿಗೆ ಮುಗಿಯಲು ಹತ್ತು ದಿನ ಇರುವಾಗಲೇ ಮುಂದಿನದನ್ನು ತಂದಿಡಿ. ಸುಗ್ಗಿ, ದೀಪಾವಳಿ, ಮದುವೆ ಸೀಜನ್ನಿನಲ್ಲಿ ‘ನಾಳೆ ತರೂಣು’ ಎನ್ನುತ್ತ ಹದಿನೈದು ದಿನ ಹೋಗುತ್ತವೆ. ಒಂದು ರಾತ್ರಿ ತಪ್ಪಿದರೆ ಮರುದಿನ ಎರಡು ಕೊಡಬೇಡಿ. ಸಾರಾಯಿ ಬೇಡ. ಗಾಂಜಾ ಅಂತೂ ಈ ಕಾಯಿಲೆಗೆ ಸೀಮೆಎಣ್ಣೆ ಸುರಿದಂತೆ. ಬೀಡಿಯ ವಿಷಯ ಸ್ವಲ್ಪ ವಿಚಿತ್ರ: ಔಷಧ ಬದಲಾಗಿ ಒಲಾಂಜಪೀನ್ ಅಥವಾ ಕ್ಲೊಜಪೀನ್ ಆದರೆ, ಬೀಡಿ ಹೊಗೆ ಯಕೃತ್ತನ್ನು ಚುರುಕು ಮಾಡಿ ಔಷಧವನ್ನು ಬೇಗ ಕರಗಿಸುತ್ತದೆ. ಒಮ್ಮೆಲೇ ಬೀಡಿ ಬಿಟ್ಟರೆ ರಕ್ತದಲ್ಲಿ ಔಷಧ ಏರಿ ಮಂಪರು ಬರುತ್ತದೆ. ಇದನ್ನು ಮಾಡುವುದು ಹೊಗೆ, ನಿಕೋಟಿನ್ ಅಲ್ಲ, ಹೀಗಾಗಿ ಗುಟಕಾಕ್ಕೆ ಈ ಲೆಕ್ಕ ಇಲ್ಲ. ಬೀಡಿ ಬಿಡುವುದು ಒಳ್ಳೆಯದೇ, ಬಿಡುವ ಮುಂಚೆ ಡಾಕ್ಟರ ಕಿವಿಗೆ ಹಾಕಿ.

ದನಿ ನಿಂತ ಮೇಲೆ ಇನ್ನೊಂದು ಅವಸ್ಥೆ ಕಾಣುತ್ತದೆ, ಮನೆಗಳು ಸೋಲುವುದು ಅಲ್ಲಿ. ಸ್ನಾನ ಬೇಡ, ಗೆಳೆಯರು ಬೇಡ, ಮಾತು ಎರಡೇ ಶಬ್ದ, ಮುಖದಲ್ಲಿ ಏನೂ ಓದಲಾಗದು. ‘ಉಂಡು ಮಲಗತಾನ, ಸೊಕ್ಕು’ ಎಂದು ಅಪ್ಪ ಶುರು ಮಾಡುತ್ತಾರೆ. ಇದು ಸೊಕ್ಕಲ್ಲ, ಸೋಮಾರಿತನವೂ ಅಲ್ಲ, ಇದೇ ಕಾಯಿಲೆಯ ಇನ್ನೊಂದು ಮುಖ. ಗುಳಿಗೆಗೆ ದನಿ ಬಗ್ಗಿದಷ್ಟು ಇದು ಬಗ್ಗುವುದಿಲ್ಲ. ಲಂಡನ್ನಿನಲ್ಲಿ ಜಾರ್ಜ್ ಬ್ರೌನ್ ಎಂಬ ಸಮಾಜಶಾಸ್ತ್ರಜ್ಞರು ಮತ್ತು ಅವರ ನಂತರದವರು ನಡೆಸಿದ ಅಧ್ಯಯನಗಳಲ್ಲಿ ಕಂಡುಬಂದದ್ದು ಇದು: ಸದಾ ಟೀಕೆ, ಹಗೆತನ, ಇಲ್ಲವೇ ಅತಿಯಾದ ಕಾಳಜಿ ಇರುವ ಮನೆಯಲ್ಲಿ ವಾರಕ್ಕೆ 35 ತಾಸಿಗಿಂತ ಹೆಚ್ಚು ಹೊತ್ತು ಎದುರುಬದುರು ಇದ್ದವರಿಗೆ ಕಾಯಿಲೆ ಹೆಚ್ಚು ಮರುಕಳಿಸಿತು. ಅತಿಯಾದ ಕಾಳಜಿಯೂ ಆ ಪಟ್ಟಿಯಲ್ಲಿದೆ ಎಂಬುದನ್ನು ನಿಮ್ಮ ಅವ್ವನಿಗೆ ಮೆಲ್ಲಗೆ ಹೇಳಿ. ತುತ್ತು ಮಾಡಿ ಉಣಿಸುವುದು, ಪಾಯಿಖಾನೆ ಬಾಗಿಲಿಗೆ ಕಾವಲು ನಿಲ್ಲುವುದು ಬೇಡ. ಒಮ್ಮೆಗೆ ಒಂದೇ ಕೆಲಸ ಹೇಳಿ. ‘ಎದ್ದು ಸ್ನಾನ ಮಾಡಿ, ದನಕ್ಕ ಮೇವು ಹಾಕಿ, ಅಂಗಡಿಗೆ ಹೋಗಿ ಬಾ’ ಎಂದರೆ ಮೂರೂ ಆಗುವುದಿಲ್ಲ, ಗಮನ ಹಿಡಿದಿಡುವ ಶಕ್ತಿಯೇ ಕುಗ್ಗಿರುತ್ತದೆ. ಮೇವು ಹಾಕುವುದು ಮುಗಿದ ಮೇಲೆ ಎರಡನೆಯದು. ಲೇಥ್, ಟ್ರ್ಯಾಕ್ಟರ್, ಬೈಕು, ಮೇವು ಕತ್ತರಿಸುವ ಮಷೀನ್ ಇವುಗಳಿಂದ ಮಂಪರು ಹೋಗುವ ತನಕ ದೂರ. ಕೆಲಸಕ್ಕೆ ಮರಳುವಾಗ ಮೊದಲು ಅರ್ಧ ದಿನ, ರಾತ್ರಿ ಪಾಳಿ ಬೇಡ. ನಿದ್ದೆಗೆಡುವುದು ಈ ಕಾಯಿಲೆಗೆ ಬಾಗಿಲು ತೆರೆದಂತೆ.

ಮತ್ತೆ ಬರುವ ಮುಂಚೆ ಪ್ರತಿಯೊಬ್ಬರಲ್ಲೂ ಅವರವರದೇ ಸುಳಿವು ಇರುತ್ತದೆ. ಈ ಸಲ ಶುರುವಾಗುವ ಹದಿನೈದು ದಿನ ಮುಂಚೆ ಏನು ಮಾಡುತ್ತಿದ್ದ ಎಂದು ಮನೆಮಂದಿ ಕೂತು ನೆನಪಿಸಿಕೊಳ್ಳಿ: ಎರಡು ರಾತ್ರಿ ನಿದ್ದೆ ಇಲ್ಲ, ಫೋನಿನ ಸಿಮ್ ತೆಗೆದಿಟ್ಟ, ಹಗಲಲ್ಲೂ ಕಿಟಕಿ ಹಾಕಿಕೊಂಡ, ಹೀಗೆ ಏನೋ ಇರುತ್ತದೆ. ಮೂರನ್ನು ಚೀಟಿಯಲ್ಲಿ ಬರೆದು ಗುಳಿಗೆ ಡಬ್ಬಿಯಲ್ಲೇ ಇಡಿ, ಅವನಿಗೂ ತೋರಿಸಿ. ಮೂರರಲ್ಲಿ ಎರಡು ಕಂಡರೆ ಮುಂದಿನ ತಾರೀಖಿಗೆ ಕಾಯದೆ ಹೋಗಿ.

ದೇವರ ವಿಷಯದಲ್ಲಿ ಮನೆಯೊಳಗೆ ಜಗಳ ಬೇಕಿಲ್ಲ. ಮಠಕ್ಕೋ ದರ್ಗಾಕ್ಕೋ ಹೋಗಿ ಬಂದರೆ ಅವ್ವನಿಗೆ ಸಮಾಧಾನ, ತಾಯತ ಕೈಯಲ್ಲಿದ್ದರೆ ಗುಳಿಗೆಗೇನೂ ಅಡ್ಡಿಯಿಲ್ಲ. ಉಪವಾಸ ಕೆಡವುವುದು, ಮೆಣಸಿನಕಾಯಿ ಹೊಗೆ, ಹೊಡೆತ, ‘ಇಲ್ಲಿರೋ ತನಕ ಗುಳಿಗಿ ಬ್ಯಾಡ’ ಎಂಬ ಷರತ್ತು ಬಂದರೆ ಎದ್ದು ಬನ್ನಿ. ಸರಪಳಿ ಹಾಕಿ ಕಟ್ಟುವುದನ್ನು 2017ರ ಮಾನಸಿಕ ಆರೋಗ್ಯ ಕಾಯ್ದೆ ನಿಷೇಧಿಸಿದೆ.

ಮದುವೆ ಔಷಧವಲ್ಲ. ಮದುವೆ ಮನೆಯ ನಾಲ್ಕು ರಾತ್ರಿ ನಿದ್ದೆಗೇಡು, ಗದ್ದಲ, ಹಣದ ಚಿಂತೆ, ಹೊಸ ಹೆಣ್ಣುಮಗಳ ಮುಂದೆ ಗುಳಿಗೆ ಮುಚ್ಚಿಡುವ ಹರಸಾಹಸ ಎಲ್ಲವೂ ಮರುಕಳಿಸಲು ಹೇಳಿ ಮಾಡಿಸಿದ ಸಾಮಾನು. ಹಾಗಂತ ಅವನು ಮದುವೆಯಾಗಲೇಬಾರದು ಎಂದಲ್ಲ. ವರ್ಷಕ್ಕಿಂತ ಹೆಚ್ಚು ಕಾಲ ಗುಳಿಗೆಯ ಮೇಲೆ ಆರಾಮಿದ್ದು, ಏನಾದರೊಂದು ದುಡಿಮೆ ಹಿಡಿದು, ಅವನಿಗೇ ಬೇಕೆನಿಸಿದರೆ, ಹುಡುಗಿಗೂ ಅವಳ ಮನೆಯವರಿಗೂ ಇದ್ದದ್ದು ಇದ್ದಂತೆ ಹೇಳಿ ಮುಂದುವರಿಯಬಹುದು. ಮುಚ್ಚಿಟ್ಟರೆ ಅವಳಿಗೆ ಅನ್ಯಾಯ. ಅಂಥ ಮದುವೆಯನ್ನು ರದ್ದು ಮಾಡಿಸಲು ಹಿಂದೂ ವಿವಾಹ ಕಾಯ್ದೆಯಲ್ಲಿ ದಾರಿಯೂ ಇದೆ. ಮಕ್ಕಳಿಗೆ ಬರುತ್ತದೆಯೇ ಎಂದು ಕೇಳಿದರೆ, ತಂದೆತಾಯಿಯಲ್ಲಿ ಒಬ್ಬರಿಗಿದ್ದರೆ ಸುಮಾರು ನೂರಕ್ಕೆ ಹತ್ತು. ಅಂದರೆ ತೊಂಬತ್ತಕ್ಕೆ ಬರುವುದಿಲ್ಲ.

ಇನ್ನೊಂದು, ಇವತ್ತೇ ಮಾಡುವಂಥದ್ದು. ಹತ್ತಿ, ಮೆಣಸಿನಕಾಯಿ ಬೆಳೆಯುವ ನಮ್ಮ ಕಡೆ ಕೀಟನಾಶಕದ ಡಬ್ಬಿ ಅಟ್ಟದ ಮೇಲೋ ಮಂಚದ ಕೆಳಗೋ ಇರುತ್ತದೆ. ಅದನ್ನು ಮನೆಯಿಂದ ಹೊರಗೆ, ಬೀಗ ಹಾಕುವ ಜಾಗಕ್ಕೆ ಸಾಗಿಸಿ, ಕೀಲಿ ನಿಮ್ಮ ಹತ್ತಿರ ಇರಲಿ. ಸ್ಕಿಜೋಫ್ರೀನಿಯಾ ಇರುವವರಲ್ಲಿ ಆತ್ಮಹತ್ಯೆಯ ಅಪಾಯ ಹೆಚ್ಚು. ಅದು ಕಾಯಿಲೆ ಏರಿದಾಗ ಮಾತ್ರವಲ್ಲ, ಆರಾಮಾಗಿ ‘ನನಗೇನಾಗಿತ್ತು, ಊರೆಲ್ಲ ನೋಡಿದರಲ್ಲ’ ಎಂಬ ಅರಿವು ಬಂದ ಮೊದಲ ತಿಂಗಳುಗಳಲ್ಲೂ ಇರುತ್ತದೆ. ಸುಮ್ಮನಾಗಿದ್ದಾನೆ ಎಂದು ಸಮಾಧಾನಪಡುವ ಬದಲು ನೇರವಾಗಿ ಕೇಳಿ: ‘ಸಾಯೂಣು ಅನಸ್ತೈತೇನು?’ ಕೇಳಿದ ಮಾತ್ರಕ್ಕೆ ಹೊಸದಾಗಿ ವಿಚಾರ ಹುಟ್ಟುವುದಿಲ್ಲ. ಹೌದು ಎಂದರೆ, ಅಥವಾ ದನಿ ‘ಸಾಯಿ’, ‘ಹೊಡಿ’ ಎಂದು ಆಜ್ಞೆ ಮಾಡುತ್ತಿದೆ ಎಂದರೆ ಅವನನ್ನು ಒಬ್ಬನೇ ಬಿಡದೆ ಅದೇ ದಿನ ದವಾಖಾನೆಗೆ ಕರೆದೊಯ್ಯಿರಿ. ರಾತ್ರಿ ಯಾರೂ ಸಿಗದಿದ್ದರೆ ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416ಕ್ಕೆ ಫೋನ್ ಮಾಡಿ. ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ.

ಎಲ್ಲಿಗೆ ಹೋಗಬೇಕು? ತಾಲ್ಲೂಕು ಆಸ್ಪತ್ರೆಗಳಲ್ಲಿ ರಾಜ್ಯ ಸರಕಾರದ ಮನೋಚೈತನ್ಯ ಕಾರ್ಯಕ್ರಮದ ಮಂಗಳವಾರದ ಕ್ಲಿನಿಕ್‌ಗೆ ಮನೋವೈದ್ಯರು ಬರುತ್ತಾರೆ. ನಿಮ್ಮ ತಾಲ್ಲೂಕಿಗೆ ಎಷ್ಟನೆಯ ಮಂಗಳವಾರ ಎಂದು ಆಶಾ ಕಾರ್ಯಕರ್ತೆಯನ್ನು ಕೇಳಿ. ಸರಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಗದಗಿನಲ್ಲಿ ಜಿಮ್ಸ್ ಇದೆ, ಹುಬ್ಬಳ್ಳಿಯಲ್ಲಿ ಕೆಎಂಸಿಆರ್‌ಐ (ಮೊದಲಿನ ಕಿಮ್ಸ್). ದಾಖಲು ಮಾಡುವಂತಾದರೆ ಧಾರವಾಡದ ಸರಕಾರಿ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್. ನಮ್ಮ ಕಡೆ ‘ಧಾರವಾಡಕ್ಕ ಕಳಸ್ರಿ ಅವನ್ನ’ ಎಂದು ಚೇಷ್ಟೆ ಮಾಡುವುದು ಬ್ರಿಟಿಷರ ಕಾಲದ ಹುಚ್ಚಾಸ್ಪತ್ರೆಯ ನೆನಪಿನಿಂದ. ಈಗ ಬೆಳಿಗ್ಗೆ ಹೊರರೋಗಿ ವಿಭಾಗಕ್ಕೆ ಹೋಗಿ, ತೋರಿಸಿಕೊಂಡು ಊರಿಗೆ ಮರಳುವವರೇ ಬಹಳ. ಅವನು ಒಪ್ಪದೆ, ಅಪಾಯದ ಸ್ಥಿತಿಯಲ್ಲಿದ್ದರೆ ಮನೆಯವರ ಅರ್ಜಿಯ ಮೇಲೆ ದಾಖಲು ಮಾಡಿಕೊಳ್ಳಲು ಅದೇ 2017ರ ಕಾಯ್ದೆಯಲ್ಲಿ ಅವಕಾಶವಿದೆ, ಮೊದಲ ಅವಧಿ 30 ದಿನದ ವರೆಗೆ.

ಹೋಗುವಾಗ ಹಳೆಯ ಚೀಟಿ, ಖಾಲಿ ಪಟ್ಟಿಗಳನ್ನು ಒಯ್ಯಿರಿ. ಒಂದು ಹಾಳೆಯಲ್ಲಿ ತಾರೀಖು ಬರೆಯಿರಿ: ಯಾವಾಗ ಶುರುವಾಯಿತು, ಯಾವಾಗ ಗುಳಿಗೆ ಹಿಡಿದಿರಿ, ಯಾವ ದಿನ ಬಿಟ್ಟಿರಿ, ಮತ್ತೆ ಯಾವಾಗ ಕಂಡಿತು. ಬಿಟ್ಟದ್ದನ್ನು ಮುಚ್ಚಿಡಬೇಡಿ. ನುಂಗುತ್ತಿದ್ದಾಗಲೇ ಕೆಟ್ಟಿತು ಎಂದು ಡಾಕ್ಟರ್ ತಿಳಿದರೆ ಇದ್ದ ಒಳ್ಳೆಯ ಔಷಧವನ್ನೇ ಬದಲಿಸುತ್ತಾರೆ. ಒಳಗೆ ನೀವೆಲ್ಲ ಕೂತು ಅವನ ಬಗ್ಗೆ ಹೇಳಿ ಮುಗಿಸಿದ ಮೇಲೆ ಐದು ನಿಮಿಷ ಎದ್ದು ಹೊರಗೆ ಬನ್ನಿ, ಅವನೊಬ್ಬನೇ ಡಾಕ್ಟರ ಜೊತೆ ಮಾತಾಡಲಿ.